ಹೆಸರು ‘ದುರ್ಬಲ’, ಬಲ ಮಾತ್ರ ಹಾಗಲ್ಲ!

ಈ ಸಾಲನ್ನು ನೀವು ಓದಿ ಮುಗಿಸುವಷ್ಟರಲ್ಲಿ ಮೊಬೈಲ್ ಹಿಡಿದಿರುವ ನಿಮ್ಮ ಹೆಬ್ಬೆರಳಿನ ಉಗುರಿನ ಮೂಲಕ ಸಾವಿರಾರು ಕೋಟಿ ಕಣಗಳು ತೂರಿ ಹೋಗಿರುತ್ತವೆ. ಅವುಗಳ ಹೆಸರು ನ್ಯೂಟ್ರಿನೊ. ಸೂರ್ಯನ ಗರ್ಭದಲ್ಲಿ ಹುಟ್ಟಿ ಬರುವ ಇವು ಭೂಮಿಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸೆಕೆಂಡಿಗೆ ಸುಮಾರು 6,500 ಕೋಟಿಯಂತೆ ಸುರಿಯುತ್ತಲೇ ಇರುತ್ತವೆ. ರಾತ್ರಿಯಾದರೂ ಬಿಡುವಿಲ್ಲ. ಆಗ ಭೂಮಿಯ ಆ ಬದಿಯಿಂದ ಹೊಕ್ಕು, ಇಡೀ ಗೋಳವನ್ನು ದಾಟಿ, ನಿಮ್ಮ ಮಂಚದ ಕೆಳಗಿನಿಂದ ಮೇಲಕ್ಕೆ ಬರುತ್ತವೆ!

ಯಾಕೆ ಹೀಗೆ? ನ್ಯೂಟ್ರಿನೊಗೆ ವಿದ್ಯುದಂಶ ಇಲ್ಲ, ನ್ಯೂಕ್ಲಿಯಸ್ಸನ್ನು ಬಿಗಿದಿಡುವ ಪ್ರಬಲ ಬಲವೂ ಅದನ್ನು ಮುಟ್ಟುವುದಿಲ್ಲ. ಅದರ ಮೇಲೆ ಹಿಡಿತ ಇರುವುದು, ಗುರುತ್ವವನ್ನು ಬಿಟ್ಟರೆ, ‘ದುರ್ಬಲ ಬಲ’ಕ್ಕೆ ಮಾತ್ರ. ಆ ಹಿಡಿತ ಎಷ್ಟು ಸಡಿಲ ಅಂದ್ರೆ, ಸೂರ್ಯನಿಂದ ಬರುವ ನ್ಯೂಟ್ರಿನೊವನ್ನು ತಡೆಯಲು ಬೆಳಕಿನ ವರ್ಷದಷ್ಟು ದಪ್ಪದ ಸೀಸದ ಗೋಡೆ ಬೇಕು ಎಂದು ಪಾಠದಲ್ಲಿ ಹೇಳುತ್ತಾರೆ.

ಈಗ ಇನ್ನೊಂದು ದೃಶ್ಯ ನೋಡಿ. ದಕ್ಷಿಣ ಧ್ರುವದ ಹಿಮದೊಳಗೆ ಒಂದೂವರೆಯಿಂದ ಎರಡೂವರೆ ಕಿಲೋಮೀಟರ್ ಆಳದಲ್ಲಿ, ಒಂದು ಘನ ಕಿಲೋಮೀಟರಿನಷ್ಟು ಮಂಜುಗಡ್ಡೆಯಲ್ಲಿ, 5,160 ಸೆನ್ಸರ್‌ಗಳನ್ನು ಹೂತಿಡಲಾಗಿದೆ. ಇದು ಐಸ್‌ಕ್ಯೂಬ್ ವೀಕ್ಷಣಾಲಯ. 2017ರಲ್ಲಿ ಅಲ್ಲಿನ ವಿಜ್ಞಾನಿಗಳು ಒಂದು ಫಲಿತಾಂಶ ಪ್ರಕಟಿಸಿದರು: ಶಕ್ತಿ ತುಂಬಾ ಹೆಚ್ಚಿರುವ ನ್ಯೂಟ್ರಿನೊಗಳಿಗೆ ಭೂಮಿಯನ್ನು ದಾಟಲು ಆಗುತ್ತಿಲ್ಲ. ಭೂಮಿಯ ನಡುವಿನಿಂದ ಬರಬೇಕಾದವು ದಾರಿಯಲ್ಲೇ ನಾಪತ್ತೆ. ಸುಮಾರು 40 ಟಿಇವಿ, ಅಂದ್ರೆ 40 ಲಕ್ಷ ಕೋಟಿ ಎಲೆಕ್ಟ್ರಾನ್‌ವೋಲ್ಟ್, ದಾಟಿದ ಮೇಲೆ ನ್ಯೂಟ್ರಿನೊ ಪಾಲಿಗೆ ನಮ್ಮ ಭೂಮಿ ಗಾಜಲ್ಲ, ಗೋಡೆ.

ಅದೇ ಕಣ, ಅದೇ ಭೂಮಿ, ಅದೇ ಬಲ. ಬದಲಾದದ್ದು ಶಕ್ತಿ ಮಾತ್ರ. ಹಾಗಾದರೆ ದುರ್ಬಲ ಬಲದ ‘ದುರ್ಬಲತೆ’ ಅನ್ನೋದು ಸ್ಥಿರವಾದ ಸಂಖ್ಯೆಯೇ ಅಲ್ಲವಾ? ಪ್ರೋಗ್ರಾಂ ಬರೆಯುವವರ ಭಾಷೆಯಲ್ಲಿ ಕೇಳುವುದಾದರೆ, ನಾವು ಕಾನ್‌ಸ್ಟೆಂಟ್ ಅಂದುಕೊಂಡಿದ್ದು ನಿಜವಾಗಿ ಒಂದು ಫಂಕ್ಷನ್ ಆಗಿತ್ತಾ? ಉತ್ತರ: ಹೌದು. ಅದೂ ಒಂದಲ್ಲ, ಎರಡು ಪದರಗಳಲ್ಲಿ.

ನಮ್ಮ ಮೈಯಲ್ಲೂ ಇದೆ ಈ ಬಲ

ಜಗತ್ತನ್ನು ನಡೆಸುವ ಬಲಗಳು ನಾಲ್ಕು. ಗುರುತ್ವ ನಮ್ಮನ್ನು ನೆಲಕ್ಕೆ ಅಂಟಿಸುತ್ತದೆ. ವಿದ್ಯುತ್ಕಾಂತೀಯ ಬಲ ಬೆಳಕು, ಬ್ಯಾಟರಿ, ರಸಾಯನ ಕ್ರಿಯೆ ಎಲ್ಲಕ್ಕೂ ಕಾರಣ. ಪ್ರಬಲ ಬಲ ಪ್ರೋಟಾನ್, ನ್ಯೂಟ್ರಾನ್‌ಗಳನ್ನು ಬಿಗಿಯುತ್ತದೆ. ನಾಲ್ಕನೆಯದಾದ ದುರ್ಬಲ ಬಲ ಎಳೆಯುವುದೂ ಇಲ್ಲ, ತಳ್ಳುವುದೂ ಇಲ್ಲ ಅನ್ನುವಷ್ಟು ಸೌಮ್ಯ. ಆದರೆ ಬೇರೆ ಯಾವ ಬಲಕ್ಕೂ ಬಾರದ ಒಂದು ವಿದ್ಯೆ ಅದಕ್ಕೆ ಗೊತ್ತು: ಅದು ಕಣದ ಜಾತಿಯನ್ನೇ ಬದಲಾಯಿಸುತ್ತದೆ. ನ್ಯೂಟ್ರಾನನ್ನು ಪ್ರೋಟಾನ್ ಮಾಡುತ್ತದೆ, ಪ್ರೋಟಾನನ್ನು ನ್ಯೂಟ್ರಾನ್ ಮಾಡುತ್ತದೆ.

ಬಾಳೆಹಣ್ಣಿನಲ್ಲಿ ಪೊಟ್ಯಾಸಿಯಂ ಇದೆ ಅಂತ ಎಲ್ಲರಿಗೂ ಗೊತ್ತು. ಅದರಲ್ಲಿ ಒಂದು ಚಿಕ್ಕ ಪಾಲು ಪೊಟ್ಯಾಸಿಯಂ-40, ವಿಕಿರಣಶೀಲ. ವಯಸ್ಕರೊಬ್ಬರ ದೇಹದಲ್ಲಿ ಸೆಕೆಂಡಿಗೆ ಸುಮಾರು 4,000 ಪೊಟ್ಯಾಸಿಯಂ-40 ಪರಮಾಣುಗಳು ಬೇರೆ ಧಾತುವಾಗಿ ಬದಲಾಗುತ್ತಿರುತ್ತವೆ. ಅದು ದುರ್ಬಲ ಬಲದ ಕೆಲಸ. ಸೂರ್ಯ ಉರಿಯಲು ಶುರುವಾಗುವ ಮೊದಲ ಹೆಜ್ಜೆಯೂ ಇದರದ್ದೇ. ಎರಡು ಪ್ರೋಟಾನ್‌ಗಳು ಹತ್ತಿರ ಬಂದ ಆ ಕ್ಷಣದಲ್ಲೇ ಒಂದು ನ್ಯೂಟ್ರಾನ್ ಆಗಿ ಬದಲಾಗಬೇಕು, ಇಲ್ಲದಿದ್ದರೆ ಸಂಬಂಧ ಕೂಡುವುದಿಲ್ಲ. ಈ ಘಟನೆ ಎಷ್ಟು ಅಪರೂಪ ಅಂದ್ರೆ, ಸೂರ್ಯನ ಒಳಗಿನ ಒಂದು ಪ್ರೋಟಾನ್ ಇದಕ್ಕಾಗಿ ಸರಾಸರಿ ನೂರಾರು ಕೋಟಿ ವರ್ಷ ಕಾಯಬೇಕು. ಸೂರ್ಯ ಒಮ್ಮೆಲೇ ಸಿಡಿಯದೆ, ಹಿತವಾದ ಒಲೆಯ ಹಾಗೆ 460 ಕೋಟಿ ವರ್ಷಗಳಿಂದ ಉರಿಯುತ್ತಿರುವುದರ ಹಿಂದೆ ಈ ಕಾಯುವಿಕೆ ಇದೆ.

ಫರ್ಮಿಯ ಸೂತ್ರ ಕೈಕೊಟ್ಟದ್ದು ಎಲ್ಲಿ?

ಈ ಬಲಕ್ಕೆ ಮೊದಲ ಲೆಕ್ಕ ಬರೆದವರು ಇಟಲಿಯ ಎನ್ರಿಕೋ ಫರ್ಮಿ, 1934ರ ಸುಮಾರಿಗೆ. ಅವರ ಸಿದ್ಧಾಂತ ತುಂಬಾ ಸರಳ. ನಾಲ್ಕು ಕಣಗಳು ಒಂದೇ ಬಿಂದುವಿನಲ್ಲಿ ಸಂಧಿಸುತ್ತವೆ, ಅಲ್ಲೇ ಪರಿವರ್ತನೆ ನಡೆಯುತ್ತದೆ. ಆ ಬಿಂದುವಿನ ‘ಬಲ’ ಎಷ್ಟು ಅಂತ ಹೇಳಲು ಒಂದೇ ಒಂದು ಸ್ಥಿರಾಂಕ. ಅದನ್ನು ಇವತ್ತಿಗೂ ಫರ್ಮಿ ಸ್ಥಿರಾಂಕ ಅಂತಲೇ ಕರೆಯುತ್ತಾರೆ. ನ್ಯೂಕ್ಲಿಯಸ್‌ಗಳ ಬೀಟಾ ಕ್ಷಯಕ್ಕೆ ಈ ಲೆಕ್ಕ ಸೊಗಸಾಗಿ ಹೊಂದಿತು.

ಆದರೆ ಸೂತ್ರದೊಳಗೇ ಒಂದು ಬಾಂಬ್ ಇತ್ತು. ಕಣಗಳ ಶಕ್ತಿ ಹೆಚ್ಚಿದಂತೆ ಡಿಕ್ಕಿಯ ಸಂಭವನೀಯತೆ ಏರುತ್ತಾ ಹೋಗುತ್ತದೆ. ಏರಲಿ, ತೊಂದರೆ ಇಲ್ಲ. ಆದರೆ ಕೆಲವು ನೂರು ಜಿಇವಿ ಹತ್ತಿರ ಬಂದಾಗ ಸಂಭವನೀಯತೆ ಶೇ 100ನ್ನೂ ಮೀರಿಬಿಡುತ್ತದೆ! ಜಿಇವಿ ಅಂದ್ರೆ ನೂರು ಕೋಟಿ ಎಲೆಕ್ಟ್ರಾನ್‌ವೋಲ್ಟ್, ಒಂದು ಪ್ರೋಟಾನಿನ ದ್ರವ್ಯರಾಶಿಗೆ ಹೆಚ್ಚುಕಡಿಮೆ ಸಮ. ನಾಳೆ ಮಳೆ ಬರುವ ಸಾಧ್ಯತೆ ಶೇ 140 ಅಂತ ಹವಾಮಾನ ಆ್ಯಪ್ ತೋರಿಸಿದರೆ ನಾವು ಮಳೆಯ ಬಗ್ಗೆ ಚಿಂತಿಸುವುದಿಲ್ಲ, ಆ್ಯಪ್ ಸರಿ ಇಲ್ಲ ಅನ್ನುತ್ತೇವೆ. ಹಾಗೆಯೇ ಭೌತವಿಜ್ಞಾನಿಗಳಿಗೆ ಗೊತ್ತಾಯಿತು: ಆ ಶಕ್ತಿಯನ್ನು ತಲುಪುವ ಮೊದಲೇ ಹೊಸದೇನೋ ಕಾಣಿಸಿಕೊಳ್ಳಲೇಬೇಕು.

ಪ್ರಕೃತಿಯ ಕೈಗಡ

ಆ ಹೊಸದು ಏನು ಎಂಬುದನ್ನು 1960ರ ದಶಕದಲ್ಲಿ ಶೆಲ್ಡನ್ ಗ್ಲಾಶೋ, ಅಬ್ದುಸ್ ಸಲಾಂ, ಸ್ಟೀವನ್ ವೈನ್‌ಬರ್ಗ್ ಕಟ್ಟಿದ ಸಿದ್ಧಾಂತ ಹೇಳಿತು. ಮೂವರೂ 1979ರ ನೊಬೆಲ್ ಹಂಚಿಕೊಂಡರು. ವಿದ್ಯುತ್ಕಾಂತೀಯ ಬಲವನ್ನು ಫೋಟಾನ್ ಎಂಬ ಕಣ ಹೊತ್ತು ತರುವ ಹಾಗೆ, ದುರ್ಬಲ ಬಲವನ್ನೂ ಕಣಗಳು ಹೊತ್ತು ತರುತ್ತವೆ. ಅವುಗಳಿಗೆ ಡಬ್ಲ್ಯು ಮತ್ತು ಝಡ್ ಬೋಸಾನ್ ಅಂತ ಹೆಸರು. ವ್ಯತ್ಯಾಸ ಇರುವುದು ತೂಕದಲ್ಲಿ. ಫೋಟಾನಿಗೆ ದ್ರವ್ಯರಾಶಿ ಸೊನ್ನೆ. ಡಬ್ಲ್ಯುಗೆ 80.4 ಜಿಇವಿ, ಝಡ್‌ಗೆ 91.2 ಜಿಇವಿ. ಅಂದ್ರೆ ಒಂದೊಂದೂ ಪ್ರೋಟಾನಿಗಿಂತ ಸುಮಾರು 86-97 ಪಟ್ಟು ಭಾರ!

ಈಗ ಯೋಚಿಸಿ. ಒಂದು ನ್ಯೂಟ್ರಾನ್ ಕ್ಷಯಿಸುವಾಗ ಸಿಗುವ ಶಕ್ತಿ ಸುಮಾರು 1.3 ಎಂಇವಿ. ಅದು ಹೊರಹಾಕಬೇಕಾದ ಡಬ್ಲ್ಯು ಕಣದ ಬೆಲೆ 80,400 ಎಂಇವಿ. ಜೇಬಿನಲ್ಲಿ ಒಂದು ರೂಪಾಯಿ ಇಟ್ಟುಕೊಂಡು ಅರವತ್ತು ಸಾವಿರದ ಫೋನ್ ಕೊಳ್ಳಲು ಹೊರಟ ಹಾಗೆ. ಆದರೂ ಕ್ವಾಂಟಂ ಜಗತ್ತಿನಲ್ಲಿ ಕೈಗಡ ಸಿಗುತ್ತದೆ. ಷರತ್ತು ಒಂದೇ: ಸಾಲ ದೊಡ್ಡದಾದಷ್ಟೂ ಬೇಗ ವಾಪಸ್ ಕೊಡಬೇಕು. ಹತ್ತು ರೂಪಾಯಿ ಕೈಗಡವಾದರೆ ಮುಂದಿನ ತಿಂಗಳು ಕೊಟ್ಟರೂ ನಡೆಯುತ್ತದೆ, ಲಕ್ಷ ರೂಪಾಯಿ ಆದರೆ ಸಂಜೆಯೊಳಗೆ ಬೇಕು. ಡಬ್ಲ್ಯುವಿನಂಥ ಭಾರೀ ಸಾಲ ಎಷ್ಟು ಬೇಗ ತೀರಿಸಬೇಕೆಂದರೆ, ಅಷ್ಟರಲ್ಲಿ ಆ ಕಣ ಪ್ರೋಟಾನಿನ ಅಗಲದ ಸಾವಿರದ ಒಂದು ಭಾಗಕ್ಕಿಂತ ದೂರ ಹೋಗಲಾರದು. ಅದಕ್ಕೇ ದುರ್ಬಲ ಬಲದ ವ್ಯಾಪ್ತಿ ಇಷ್ಟು ಕಿರಿದು, ಘಟನೆ ಇಷ್ಟು ಅಪರೂಪ.

ಲೆಕ್ಕದಲ್ಲಿ ಇದು ಒಂದು ಭಿನ್ನರಾಶಿಯಾಗಿ ಬರುತ್ತದೆ. ಮೇಲೆ ಬಲದ ನಿಜವಾದ ‘ಅಂಶ’. ಕೆಳಗೆ ಎರಡು ಸಂಖ್ಯೆಗಳ ಮೊತ್ತ: ವಾಹಕ ಕಣದ ದ್ರವ್ಯರಾಶಿಯ ವರ್ಗ, ಮತ್ತು ಡಿಕ್ಕಿಯಲ್ಲಿ ಕೈಬದಲಾಗುವ ಆವೇಗದ ವರ್ಗ. ಡಿಕ್ಕಿ ಸಣ್ಣದಿದ್ದರೆ ಛೇದದಲ್ಲಿ 80ರ ವರ್ಗ ಒಂದೇ ರಾಜ್ಯಭಾರ ಮಾಡುತ್ತದೆ. ಆಗ ಭಿನ್ನರಾಶಿ ತೀರಾ ಸಣ್ಣದು, ಶಕ್ತಿ ಸ್ವಲ್ಪ ಆಚೀಚೆಯಾದರೂ ಬದಲಾಗದು. ಅದನ್ನೇ ಫರ್ಮಿ ಸ್ಥಿರಾಂಕ ಅಂತ ಕಂಡದ್ದು. ಡಿಕ್ಕಿ 80 ಜಿಇವಿ ದಾಟಿದರೆ ದ್ರವ್ಯರಾಶಿಯ ಮಾತಿಗೆ ಬೆಲೆಯೇ ಇಲ್ಲ. ಆಗ ಡಬ್ಲ್ಯು ಕೂಡ ಫೋಟಾನಿನ ಹಾಗೇ ನಡೆದುಕೊಳ್ಳುತ್ತದೆ.

ನ್ಯೂಟ್ರಾನಿನ ವಿಷಯದಲ್ಲಿ 60 ಸಾವಿರದ ವರ್ಗ ಅಂದ್ರೆ 360 ಕೋಟಿ. ಅಷ್ಟು ಪಾಲು ಕಡಿತ. ಘಟನೆಯ ದರ ಬೇಕಾದರೆ ಅದನ್ನು ಮತ್ತೊಮ್ಮೆ ವರ್ಗ ಮಾಡಬೇಕು. ಕ್ವಾಂಟಂ ಜಗತ್ತಿನ ಅಳತೆಯಲ್ಲಿ ಯುಗಗಳೇ ಅನ್ನಿಸುವಷ್ಟು ಕಾಲ, ಸರಾಸರಿ ಕಾಲು ಗಂಟೆ, ಒಂಟಿ ನ್ಯೂಟ್ರಾನ್ ಬದುಕಿರುವುದು ಇದರಿಂದಲೇ.

ಹಾಗಾದರೆ ಮೇಲಿನ ‘ಅಂಶ’ ಎಷ್ಟು? ಇಲ್ಲಿದೆ ಅಚ್ಚರಿ. ವಿದ್ಯುತ್ಕಾಂತೀಯ ಬಲದ ಪ್ರಸಿದ್ಧ ಸಂಖ್ಯೆ 137ರಲ್ಲಿ ಒಂದು. ದುರ್ಬಲ ಬಲದ್ದು ಸುಮಾರು 30ರಲ್ಲಿ ಒಂದು. ಅಂದ್ರೆ ದುರ್ಬಲ ಬಲ ಮೂಲದಲ್ಲಿ ವಿದ್ಯುತ್ಕಾಂತೀಯ ಬಲಕ್ಕಿಂತ ನಾಲ್ಕು ಪಟ್ಟು ಹೆಚ್ಚು ಗಟ್ಟಿ! ಅದು ಬಲಹೀನ ಅಲ್ಲ. ಬೆನ್ನ ಮೇಲೆ ಭಾರ ಹೊತ್ತ ಪೈಲ್ವಾನ.

ಹ್ಯಾಂಬರ್ಗ್ ನಗರದ ಅಡಿಯಲ್ಲಿ

ಸಿದ್ಧಾಂತವೇನೋ ಸರಿ, ಕಣ್ಣಾರೆ ಕಂಡವರು ಯಾರು? ಡಬ್ಲ್ಯು ಮತ್ತು ಝಡ್ ಕಣಗಳು 1983ರಲ್ಲಿ ಜಿನೀವಾ ಬಳಿಯ ಸರ್ನ್‌ನಲ್ಲಿ ಸಿಕ್ಕಿದವು. ಅದಕ್ಕಾಗಿ ಕಾರ್ಲೊ ರೂಬಿಯಾ ಮತ್ತು ಸೈಮನ್ ವಾನ್ ಡರ್ ಮೀರ್ ಮರುವರ್ಷವೇ ನೊಬೆಲ್ ಪಡೆದರು. ಆದರೆ ‘ಶಕ್ತಿ ಏರಿದಂತೆ ದುರ್ಬಲ ಬಲ ಮೈಕೊಡವಿ ಏಳುತ್ತದೆ’ ಎಂಬುದನ್ನು ಒಂದೇ ಚಿತ್ರದಲ್ಲಿ ತೋರಿಸಿದ ಶ್ರೇಯ ಜರ್ಮನಿಯ ಹೇರಾ ಯಂತ್ರಕ್ಕೆ ಸೇರಬೇಕು.

ಹ್ಯಾಂಬರ್ಗ್ ನಗರದ ಕೆಳಗೆ 6.3 ಕಿಲೋಮೀಟರ್ ಉದ್ದದ ಉಂಗುರದಂಥ ಸುರಂಗ. ಅದರಲ್ಲಿ ಒಂದು ಕಡೆಯಿಂದ 27.5 ಜಿಇವಿ ಎಲೆಕ್ಟ್ರಾನ್ ಅಥವಾ ಪಾಸಿಟ್ರಾನ್, ಎದುರಿನಿಂದ 920 ಜಿಇವಿ ಪ್ರೋಟಾನ್. ಎರಡನ್ನೂ ಮುಖಾಮುಖಿ ಡಿಕ್ಕಿ ಹೊಡೆಸುವುದು. 1992ರಿಂದ 2007ರವರೆಗೆ ಹೀಗೇ ನಡೆಯಿತು.

ಡಿಕ್ಕಿಯಾದಾಗ ಎರಡು ಬಗೆಯ ಫಲಿತಾಂಶ ಸಾಧ್ಯ. ಒಂದು, ಎಲೆಕ್ಟ್ರಾನ್ ಎಲೆಕ್ಟ್ರಾನ್ ಆಗಿಯೇ ಪುಟಿದು ಹೊರಬರುತ್ತದೆ. ಇದು ಬಹುಪಾಲು ಫೋಟಾನಿನ, ಅಂದ್ರೆ ವಿದ್ಯುತ್ಕಾಂತೀಯ ಬಲದ ಕೆಲಸ. ಎರಡು, ಎಲೆಕ್ಟ್ರಾನ್ ಮಾಯವಾಗಿ ಅದರ ಜಾಗದಲ್ಲಿ ನ್ಯೂಟ್ರಿನೊ ಹೊರಟುಬಿಡುತ್ತದೆ. ನ್ಯೂಟ್ರಿನೊ ಕಾಣುವುದಿಲ್ಲ, ಆದ್ದರಿಂದ ಯಂತ್ರದ ಒಂದು ಬದಿಯಲ್ಲಿ ಆವೇಗದ ಲೆಕ್ಕ ತಾಳೆಯಾಗುವುದಿಲ್ಲ. ಇದು ಡಬ್ಲ್ಯುವಿನ, ಅಂದ್ರೆ ದುರ್ಬಲ ಬಲದ ಸಹಿ.

ಎರಡೂ ಬಗೆಯ ಘಟನೆಗಳನ್ನು ಬೇರೆ ಬೇರೆ ಎಣಿಸಿ, ಡಿಕ್ಕಿಯ ತೀವ್ರತೆಗೆ ಎದುರಾಗಿ ಗ್ರಾಫ್ ಬರೆದರು. ಕೈಬದಲಾದ ಆವೇಗ 15 ಜಿಇವಿ ಆಸುಪಾಸಿನಲ್ಲಿದ್ದಾಗ ವಿದ್ಯುತ್ಕಾಂತೀಯ ಘಟನೆಗಳು ನೂರಾರು ಪಟ್ಟು ಹೆಚ್ಚು. ಬಲಕ್ಕೆ ಸರಿದಂತೆ ಎರಡು ಗೆರೆಗಳ ನಡುವಿನ ಅಂತರ ಕಿರಿದಾಗುತ್ತದೆ. 80-100 ಜಿಇವಿ ತಲುಪುವಾಗ ಎರಡೂ ಗೆರೆಗಳು ಹೆಚ್ಚುಕಡಿಮೆ ಒಂದರ ಮೇಲೊಂದು! ಎಚ್1 ಮತ್ತು ಝೀಯಸ್ ಎಂಬ ಎರಡು ಸ್ವತಂತ್ರ ತಂಡಗಳಿಗೂ ಸಿಕ್ಕಿದ್ದು ಒಂದೇ ಚಿತ್ರ. ನಮ್ಮ ನಿತ್ಯದ ಅನುಭವದಲ್ಲಿ ಆಕಾಶಕ್ಕೂ ಭೂಮಿಗೂ ಇರುವಷ್ಟು ಅಂತರದ ಎರಡು ಬಲಗಳು ಅಲ್ಲಿ ಸರಿಸಮನಾಗಿ ನಿಂತಿದ್ದವು.

ಐಸ್‌ಕ್ಯೂಬ್ ಕಂಡ ಗೋಡೆಯ ಗುಟ್ಟೂ ಇದರಲ್ಲೇ ಇದೆ. ಶಕ್ತಿ ಹೆಚ್ಚಿದಂತೆ ನ್ಯೂಟ್ರಿನೊ ಡಿಕ್ಕಿಯಾಗುವ ಸಂಭವ ಮೊದಲು ಅದೇ ಪ್ರಮಾಣದಲ್ಲಿ ಏರುತ್ತದೆ. ಶಕ್ತಿ ದುಪ್ಪಟ್ಟಾದರೆ ಸಂಭವವೂ ದುಪ್ಪಟ್ಟು. ಕೆಲವು ಟಿಇವಿ ದಾಟಿದ ಮೇಲೆ ಛೇದದ ಎರಡನೇ ಸಂಖ್ಯೆ ತಲೆ ಎತ್ತಿ ಏರಿಕೆಯನ್ನು ನಿಧಾನ ಮಾಡುತ್ತದೆ. ಫರ್ಮಿ ಸೂತ್ರದ ಶೇ 140ರ ಸಮಸ್ಯೆಯನ್ನು ಪ್ರಕೃತಿ ಬಗೆಹರಿಸಿಕೊಂಡಿದ್ದು ಹೀಗೆ.

ಎರಡನೇ ಪದರ: ಅಂಶವೂ ಓಡುತ್ತದೆ

ಇಲ್ಲಿಗೆ ಕಥೆ ಮುಗಿಯಿತು ಅಂದುಕೊಂಡರೆ, ಇಲ್ಲ. ಮೇಲೆ ಹೇಳಿದ ‘30ರಲ್ಲಿ ಒಂದು’ ಎಂಬ ಸಂಖ್ಯೆಯೂ ನಿಂತಲ್ಲಿ ನಿಲ್ಲುವುದಿಲ್ಲ. ವಿಜ್ಞಾನಿಗಳು ಇದನ್ನು ‘ರನ್ನಿಂಗ್’ ಅನ್ನುತ್ತಾರೆ. ಈ ಓಟ ಬಹಳ ನಿಧಾನ, ಆದರೆ ದಿಕ್ಕು ಕುತೂಹಲಕರ.

ಮೊದಲು ವಿದ್ಯುತ್ತಿನ ಕಥೆ ನೋಡೋಣ. ಖಾಲಿ ಜಾಗ ನಿಜವಾಗಿ ಖಾಲಿ ಅಲ್ಲ. ಅಲ್ಲಿ ಕ್ಷಣಕ್ಷಣವೂ ಕಣ-ಪ್ರತಿಕಣ ಜೋಡಿಗಳು ಕೈಗಡದ ಶಕ್ತಿಯಲ್ಲಿ ಹುಟ್ಟಿ ಸಾಯುತ್ತವೆ. ಎಲೆಕ್ಟ್ರಾನಿನ ಸುತ್ತ ಇಂಥ ಜೋಡಿಗಳ ಗುಂಪು ಸೇರಿ ಅದರ ವಿದ್ಯುದಂಶವನ್ನು ಭಾಗಶಃ ಮರೆಮಾಡುತ್ತದೆ. ಸಿನಿಮಾ ನಟರನ್ನು ಅಭಿಮಾನಿಗಳು ಮುತ್ತಿಕೊಂಡ ಹಾಗೆ. ದೂರದಿಂದ ಬರೀ ಟೋಪಿ ಕಾಣುತ್ತದೆ, ಗುಂಪನ್ನು ಸೀಳಿ ಒಳಹೊಕ್ಕರೆ ಆಸಾಮಿ ಪೂರ್ತಿ ಕಾಣುತ್ತಾರೆ. ಶಕ್ತಿ ಹೆಚ್ಚು ಅಂದ್ರೆ ಹೆಚ್ಚು ಹತ್ತಿರದಿಂದ ನೋಡುವುದು. ಅದಕ್ಕೇ 137ರಲ್ಲಿ ಒಂದು ಇದ್ದ ವಿದ್ಯುತ್ತಿನ ಸಂಖ್ಯೆ ಝಡ್‌ನ ಶಕ್ತಿಯ ಮಟ್ಟದಲ್ಲಿ 128ರಲ್ಲಿ ಒಂದು ಆಗುತ್ತದೆ. ಅಂದ್ರೆ ಹತ್ತಿರ ಹೋದಂತೆ ಬಲ ಹೆಚ್ಚು.

ದುರ್ಬಲ ಬಲದಲ್ಲಿ ಒಂದು ತಿರುವು ಇದೆ. ಫೋಟಾನಿಗೆ ವಿದ್ಯುದಂಶ ಇಲ್ಲ, ಆದರೆ ದುರ್ಬಲ ಬಲದ ವಾಹಕಗಳಿಗೆ ಸ್ವತಃ ‘ದುರ್ಬಲ ಅಂಶ’ ಇದೆ. ಅವು ಮೂಲ ಅಂಶವನ್ನು ಮರೆಮಾಡುವ ಬದಲು ಸುತ್ತಲೂ ಹರಡಿಬಿಡುತ್ತವೆ. ಸಕ್ಕರೆ ಹರಳು ನೀರಿನಲ್ಲಿ ಕರಗಿದ ಹಾಗೆ. ದೂರದಿಂದ ನೋಡಿದರೆ ಇಡೀ ಲೋಟವೇ ಸಿಹಿ, ತೀರಾ ಹತ್ತಿರ ಹೋದರೆ ಒಂದು ಹನಿಯಲ್ಲಿ ಸಿಗುವ ಸಿಹಿ ಕಡಿಮೆ. ಹೀಗೆ ಶಕ್ತಿ ಹೆಚ್ಚಿದಂತೆ ಬಲ ಕಡಿಮೆಯಾಗುವ ಸಿದ್ಧಾಂತಗಳಿವೆ ಎಂದು 1973ರಲ್ಲಿ ಡೇವಿಡ್ ಗ್ರಾಸ್, ಫ್ರಾಂಕ್ ವಿಲ್ಚೆಕ್ ಮತ್ತು ಡೇವಿಡ್ ಪೊಲಿಟ್ಜರ್ ತೋರಿಸಿದರು. ಪ್ರಬಲ ಬಲಕ್ಕೆ ಅನ್ವಯಿಸಿದ್ದಕ್ಕಾಗಿ ಮೂವರಿಗೂ 2004ರಲ್ಲಿ ನೊಬೆಲ್ ಬಂತು.

ದುರ್ಬಲ ಬಲದ ಲೆಕ್ಕವನ್ನು ಸ್ಕೋರ್‌ಬೋರ್ಡ್ ಹಾಗೆ ಬರೆಯಬಹುದು. ಅಂಶವನ್ನು ಹರಡುವ ವಾಹಕ ಕಣಗಳ ಕೊಡುಗೆ 22/3. ಮರೆಮಾಡುವ ಕಡೆಯಲ್ಲಿ ಕ್ವಾರ್ಕ್, ಎಲೆಕ್ಟ್ರಾನ್, ನ್ಯೂಟ್ರಿನೊಗಳ ಮೂರು ಕುಟುಂಬಗಳು, ಕುಟುಂಬಕ್ಕೆ 4/3ರಂತೆ ಒಟ್ಟು 4. ಹಿಗ್ಸ್‌ದು ಪುಟ್ಟ 1/6. ಕಳೆದರೆ ಉಳಿಯುವುದು 19/6. ಮರೆಮಾಡುವವರು ಸೋತರು, ಹರಡುವವರು ಗೆದ್ದರು. ಹಾಗಾಗಿ ಝಡ್‌ನ ಮಟ್ಟದಿಂದ ಮೇಲೆ ಹೋದಂತೆ ದುರ್ಬಲ ಬಲದ ನಿಜವಾದ ಅಂಶ ನಿಧಾನವಾಗಿ ಇಳಿಯುತ್ತದೆ. ಪ್ರಕೃತಿಯಲ್ಲಿ ಇಂಥ ಕುಟುಂಬಗಳು ಮೂರರ ಬದಲು ಆರು ಇದ್ದಿದ್ದರೆ ಓಟದ ದಿಕ್ಕೇ ತಿರುಗುತ್ತಿತ್ತು.

ಒಂದೇ ನೋಟಕ್ಕೆ:

• 91 ಜಿಇವಿಯಲ್ಲಿ: ಸುಮಾರು 30ರಲ್ಲಿ ಒಂದು
• 1,000 ಜಿಇವಿಯಲ್ಲಿ: ಸುಮಾರು 31ರಲ್ಲಿ ಒಂದು
• 10,000 ಜಿಇವಿಯಲ್ಲಿ: ಸುಮಾರು 32ರಲ್ಲಿ ಒಂದು
• 1ರ ಮುಂದೆ 16 ಸೊನ್ನೆ ಬರೆದಷ್ಟು ಜಿಇವಿಯಲ್ಲಿ, ನಡುವೆ ಹೊಸ ಕಣ ಯಾವುದೂ ಇಲ್ಲದಿದ್ದರೆ: ಸುಮಾರು 46ರಲ್ಲಿ ಒಂದು

ಎರಡು ಪದರಗಳನ್ನು ಕಲಸಿಕೊಳ್ಳಬೇಡಿ. ಶಕ್ತಿ ಕಡಿಮೆ ಇರುವಾಗ ಬಲ ಏರುತ್ತಾ ಹೋಗುವಂತೆ ಕಾಣುವುದು ವಾಹಕದ ಭಾರದಿಂದ, ಅದು ಕೋಟಿಗಟ್ಟಲೆ ಪಟ್ಟು ವ್ಯತ್ಯಾಸ. ಶಕ್ತಿ ತುಂಬಾ ಹೆಚ್ಚಾದ ಮೇಲೆ ಇಳಿಯುವುದು ನಿಜವಾದ ಅಂಶದ ಓಟದಿಂದ, ಅದು ನೂರಕ್ಕೆ ಕೆಲವೇ ಪಾಲು.

ಇಷ್ಟು ಸಣ್ಣ ಓಟವನ್ನು ಅಳೆಯುವುದು ಹೇಗೆ? ವಿದ್ಯುತ್ ಮತ್ತು ದುರ್ಬಲ ಬಲಗಳು ಯಾವ ಪ್ರಮಾಣದಲ್ಲಿ ಬೆರೆತಿವೆ ಎಂದು ಹೇಳುವ ಒಂದು ‘ಮಿಶ್ರಣ ಕೋನ’ ಇದೆ. ಝಡ್‌ನ ಮಟ್ಟದಲ್ಲಿ ಅದಕ್ಕೆ ಸಂಬಂಧಿಸಿದ ಸಂಖ್ಯೆ 0.231. ಶಕ್ತಿ ತೀರಾ ಕಡಿಮೆ ಇದ್ದಾಗ 0.239ರ ಹತ್ತಿರ ಇರಬೇಕು ಅಂತ ಸಿದ್ಧಾಂತ ಹೇಳುತ್ತದೆ. ಇದನ್ನು ಹಿಡಿಯಲು ಒಂದು ಜಾಣ ಉಪಾಯ ಇದೆ. ದುರ್ಬಲ ಬಲ ಎಡಗೈ-ಬಲಗೈ ಭೇದ ಮಾಡುತ್ತದೆ, ವಿದ್ಯುತ್ಕಾಂತೀಯ ಬಲ ಮಾಡುವುದಿಲ್ಲ. ಹಾಗಾಗಿ ಎಡಕ್ಕೆ ಗಿರಕಿ ಹೊಡೆಯುವ ಎಲೆಕ್ಟ್ರಾನ್‌ಗಳನ್ನು ಒಮ್ಮೆ, ಬಲಕ್ಕೆ ಗಿರಕಿ ಹೊಡೆಯುವವನ್ನು ಒಮ್ಮೆ ಹಾರಿಸಿ, ಪುಟಿದು ಬಂದವುಗಳ ಸಂಖ್ಯೆಯಲ್ಲಿ ವ್ಯತ್ಯಾಸ ಇದೆಯಾ ನೋಡಬೇಕು. ಅಮೆರಿಕದ ಸ್ಲ್ಯಾಕ್ ಪ್ರಯೋಗಾಲಯದ ಇ158 ಪ್ರಯೋಗ ಕಂಡ ವ್ಯತ್ಯಾಸ ನೂರು ಕೋಟಿಗೆ ಸುಮಾರು 131. ಜೆಫರ್ಸನ್ ಲ್ಯಾಬ್‌ನ ಕ್ಯೂವೀಕ್ ಪ್ರಯೋಗ 2018ರಲ್ಲಿ ಪ್ರಕಟಿಸಿದ ಅಂಕಿ ನೂರು ಕೋಟಿಗೆ ಸುಮಾರು 226. ಎರಡೂ ‘ಅಂಶ ಓಡುತ್ತಿದೆ’ ಎಂಬ ಸಿದ್ಧಾಂತದ ಜೊತೆ ಹೊಂದಿದವು. ಲೋಪ ಹುಡುಕುವ ಟೆಸ್ಟಿಂಗ್ ಟೀಮಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತಿರುತ್ತದೆ, ಹತ್ತು ಕೋಟಿಗೆ ಹದಿಮೂರು ಸಲ ಕಾಣಿಸುವ ವ್ಯತ್ಯಾಸವನ್ನು ನಂಬಿಕೆ ಬರುವಂತೆ ತೋರಿಸುವುದು ಎಂಥ ಸಾಹಸ ಅಂತ!

ಕೋಲಾರದ ಪಾತಾಳದಲ್ಲಿ ಕಾದವರು

ಮೂರು ಬಲಗಳ ಓಟವನ್ನು ಒಂದೇ ಗ್ರಾಫಿನಲ್ಲಿ ಬರೆಯಿರಿ. ವಿದ್ಯುತ್ತಿಗೆ ಸಂಬಂಧಿಸಿದ ಗೆರೆ ಬಲಗೊಳ್ಳುತ್ತಿದೆ, ದುರ್ಬಲ ಬಲ ನಿಧಾನಕ್ಕೆ ಕ್ಷೀಣಿಸುತ್ತಿದೆ, ಪ್ರಬಲ ಬಲ ಬೇಗ ಕ್ಷೀಣಿಸುತ್ತಿದೆ. ಮೂರೂ ಎಲ್ಲೋ ಒಂದು ಕಡೆ ಕೂಡಬೇಕಲ್ಲವಾ? 1974ರಲ್ಲಿ ಹೊವರ್ಡ್ ಜಾರ್ಜಿ, ಹೆಲೆನ್ ಕ್ವಿನ್, ಸ್ಟೀವನ್ ವೈನ್‌ಬರ್ಗ್ ಈ ಲೆಕ್ಕ ಹಾಕಿದರು. ಅಗಾಧ ಶಕ್ತಿಯಲ್ಲಿ ಮೂರು ಬಲಗಳೂ ಒಂದೇ ಆಗಿರಬಹುದು ಎಂಬ ಕಲ್ಪನೆಗೆ ಅದು ಆಧಾರ ಕೊಟ್ಟಿತು. ಜೊತೆಗೇ ಒಂದು ಭಯಂಕರ ಭವಿಷ್ಯವಾಣಿ ಬಂತು: ಹಾಗಿದ್ದರೆ ಪ್ರೋಟಾನ್ ಕೂಡ ಅಮರ ಅಲ್ಲ, ಎಂದಾದರೂ ಸಾಯಲೇಬೇಕು.

ಅದನ್ನು ಪರೀಕ್ಷಿಸಲು ಜಗತ್ತಿನಲ್ಲಿ ಮೊದಲು ಹೊರಟವರಲ್ಲಿ ಒಂದು ತಂಡ ಇದ್ದದ್ದು ನಮ್ಮ ಕೆಜಿಎಫ್‌ನಲ್ಲಿ. ಸಿನಿಮಾದ ಕೆಜಿಎಫ್ ಅಲ್ಲ, ನಿಜವಾದ ಕೋಲಾರ ಚಿನ್ನದ ಗಣಿ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಜಪಾನಿನ ವಿಜ್ಞಾನಿಗಳು 1980ರಲ್ಲಿ ಅಲ್ಲಿ 2.3 ಕಿಲೋಮೀಟರ್ ಆಳದಲ್ಲಿ 140 ಟನ್ ತೂಕದ ಕಬ್ಬಿಣದ ಹಾಳೆಗಳು ಮತ್ತು ಪತ್ತೆ ಕೊಳವೆಗಳ ಗೂಡು ಕಟ್ಟಿ, ಪ್ರೋಟಾನಿನ ಸಾವಿಗಾಗಿ ಕಾದು ಕುಳಿತರು. ಆಳ ಯಾಕೆ? ಮೇಲಿನಿಂದ ಸುರಿಯುವ ಕಾಸ್ಮಿಕ್ ಕಿರಣಗಳ ಗದ್ದಲವನ್ನು ಅಷ್ಟು ಬಂಡೆ ತಡೆಯುತ್ತದೆ.

ಈ ಗಣಿಗೆ ಮೊದಲೇ ಹೆಸರಿತ್ತು. 1965ರಲ್ಲಿ ಟಾಟಾ ಸಂಸ್ಥೆ, ಒಸಾಕಾ ಮತ್ತು ಡರ್ಹಾಂ ವಿಶ್ವವಿದ್ಯಾಲಯಗಳ ತಂಡ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವನ್ನು ಇಲ್ಲೇ ಹಿಡಿದಿತ್ತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಇನ್ನೊಂದು ತಂಡಕ್ಕೆ ಅದು ಸಿಕ್ಕಿತು. ಗಮನಿಸಿ, ಸೂರ್ಯನ ನ್ಯೂಟ್ರಿನೊಗಳನ್ನು ಆ ಉಪಕರಣಕ್ಕೆ ಹಿಡಿಯಲು ಆಗುತ್ತಿರಲಿಲ್ಲ. ವಾತಾವರಣದ ನ್ಯೂಟ್ರಿನೊಗಳ ಶಕ್ತಿ ಸಾವಿರಾರು ಪಟ್ಟು ಹೆಚ್ಚು, ಆದ್ದರಿಂದಲೇ ಕೋಲಾರದ ಬಂಡೆಗೆ ಅಪರೂಪಕ್ಕಾದರೂ ಡಿಕ್ಕಿ ಹೊಡೆದವು. ಈ ಲೇಖನದ ವಿಷಯವೇ ಅಲ್ಲಿ ಕಣ್ಣಿಗೆ ಕಂಡಿತ್ತು.

ಪ್ರೋಟಾನ್ ಹುಡುಕಾಟದಲ್ಲಿ ಕೋಲಾರದ ತಂಡ ಕೆಲವು ಸಂಶಯಾಸ್ಪದ ಘಟನೆಗಳನ್ನು ಪ್ರಕಟಿಸಿತು. ಜಗತ್ತು ಕಿವಿ ನಿಮಿರಿಸಿ ಕೇಳಿತು. ಆದರೆ ಅಮೆರಿಕ, ಜಪಾನಿನಲ್ಲಿ ಬಂದ ದೊಡ್ಡ ಉಪಕರಣಗಳು ಅದನ್ನು ಸಮರ್ಥಿಸಲಿಲ್ಲ. ಇವತ್ತು ಜಪಾನಿನ ಸೂಪರ್ ಕಾಮಿಯೊಕಾಂಡೆ ಹೇಳುವ ಪ್ರಕಾರ, ಮುಖ್ಯವಾಗಿ ನಿರೀಕ್ಷಿಸಿದ ಬಗೆಯಲ್ಲಿ ಸಾಯುವುದಾದರೆ ಪ್ರೋಟಾನಿನ ಆಯುಸ್ಸು 1ರ ಮುಂದೆ 34 ಸೊನ್ನೆ ಬರೆದಷ್ಟು ವರ್ಷಗಳಿಗಿಂತ ಹೆಚ್ಚು. 1974ರ ಸರಳ ಮಾದರಿ ಬಿದ್ದುಹೋಯಿತು.

ಗೆರೆಗಳ ಕಥೆಯೂ ಅಷ್ಟೇ. ಅಳತೆ ನಿಖರವಾದಂತೆ ಗೊತ್ತಾಯಿತು, ಮೂರು ಗೆರೆಗಳು ಒಂದು ಬಿಂದುವಿನಲ್ಲಿ ಕೂಡುತ್ತಿಲ್ಲ, ಸಣ್ಣ ತ್ರಿಕೋನ ಮಾಡಿ ತಪ್ಪಿಸಿಕೊಳ್ಳುತ್ತವೆ. ನಡುವೆ ನಮಗೆ ಗೊತ್ತಿಲ್ಲದ ಕಣಗಳಿದ್ದರೆ ಸ್ಕೋರ್‌ಬೋರ್ಡ್ ಬದಲಾಗಿ ಗೆರೆಗಳು ಕೂಡಬಹುದು. ಸೂಪರ್‌ಸಿಮೆಟ್ರಿ ಎಂಬ ಕಲ್ಪನೆಯಲ್ಲಿ ಬಹಳ ಚೆನ್ನಾಗಿ ಕೂಡುತ್ತವೆ. ಆದರೆ ಅದು ಹೇಳುವ ಹೊಸ ಕಣಗಳು ಸರ್ನ್‌ನ ದೊಡ್ಡ ಯಂತ್ರದಲ್ಲಿ ಇದುವರೆಗೆ ಸಿಕ್ಕಿಲ್ಲ.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಸುರಂಗಗಳಲ್ಲಿ ನೀರು ತುಂಬಿತು.

ಲೋಟದ ನೀರಿಗೂ ಇದಕ್ಕೂ ಏನು ಸಂಬಂಧ?

ಇದೆಲ್ಲಾ ತಿಳಿದು ನಮಗೇನಾಗಬೇಕು ಅನ್ನುವವರಿಗೆ ಕೊನೆಯದಾಗಿ ಒಂದು ಲೆಕ್ಕ. ಬ್ರಹ್ಮಾಂಡ ಹುಟ್ಟಿ ಒಂದು ಸೆಕೆಂಡ್ ಆಗುವವರೆಗೆ ದುರ್ಬಲ ಬಲ ಪ್ರೋಟಾನ್-ನ್ಯೂಟ್ರಾನ್‌ಗಳನ್ನು ಒಂದನ್ನು ಇನ್ನೊಂದಾಗಿ ಬದಲಾಯಿಸುತ್ತಲೇ ಇತ್ತು. ಈ ಬದಲಾವಣೆಯ ದರ ಉಷ್ಣತೆಯ ಐದನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ಉಷ್ಣತೆ ಅರ್ಧವಾದರೆ ದರ 32ರಲ್ಲಿ ಒಂದು ಪಾಲು. ಬ್ರಹ್ಮಾಂಡ ತಣ್ಣಗಾಗುತ್ತಿದ್ದಂತೆ ಬಲ ದಿಢೀರನೆ ಕೈಚೆಲ್ಲಿತು. ಆ ಕ್ಷಣದಲ್ಲಿ ಆರು ಪ್ರೋಟಾನಿಗೆ ಒಂದು ನ್ಯೂಟ್ರಾನ್ ಉಳಿದಿತ್ತು. ಮುಂದೆ ನ್ಯೂಕ್ಲಿಯಸ್‌ಗಳು ಕಟ್ಟಿಕೊಳ್ಳುವ ಹೊತ್ತಿಗೆ ಅದು ಏಳಕ್ಕೆ ಒಂದಾಯಿತು. ಆ ನ್ಯೂಟ್ರಾನ್‌ಗಳೆಲ್ಲಾ ಹೀಲಿಯಂ ಸೇರಿದವು. ಅದಕ್ಕೇ ಬ್ರಹ್ಮಾಂಡದ ಮೂಲ ದ್ರವ್ಯದಲ್ಲಿ ಹೀಲಿಯಂ ಕಾಲು ಪಾಲು, ಹೈಡ್ರೊಜನ್ ಮುಕ್ಕಾಲು ಪಾಲು.

ದುರ್ಬಲ ಬಲ ಇನ್ನೂ ಬಹಳ ದುರ್ಬಲವಾಗಿದ್ದು ಬೇಗ ಕೈಚೆಲ್ಲಿದ್ದರೆ ಎರಡೂ ಕಣಗಳು ಹೆಚ್ಚುಕಡಿಮೆ ಸಮ ಸಮ ಉಳಿದು, ಬಹುಪಾಲು ಎಲ್ಲವೂ ಹೀಲಿಯಂ ಆಗುತ್ತಿತ್ತು. ಹೈಡ್ರೊಜನ್ ಇಲ್ಲದೆ ನೀರಿಲ್ಲ. ನೀರಿಲ್ಲದೆ ಈ ಲೇಖನ ಬರೆಯಲು ನಾನೂ ಇಲ್ಲ, ಓದಲು ನೀವೂ ಇಲ್ಲ.

ಮುಂದಿನ ಸಲ ಲೋಟದಲ್ಲಿ ನೀರು ಕುಡಿಯುವಾಗ ನೆನಪಿಸಿಕೊಳ್ಳಿ. ಆ ಹೈಡ್ರೊಜನ್ ಉಳಿದದ್ದು, ಹೆಸರಿಗೆ ದುರ್ಬಲವಾದ ಒಂದು ಬಲ ಸರಿಯಾದ ಹೊತ್ತಿಗೆ ಸರಿಯಾದಷ್ಟೇ ಕೆಲಸ ಮಾಡಿ ಸುಮ್ಮನಾದದ್ದರಿಂದ.